ಮೂರನೆಯ ಸುತ್ತು

ಕರ್ಪೂರದ ವಾಸನೆ ಬಂದರೆ ನನಗೆ ನೆನಪಾಗುವುದು ಪಿಯಾನೊ. ಹೋದ ತಿಂಗಳು ಆಸ್ಟ್ರೇಲಿಯದ ಪರ್ತ್ ನಗರದ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಪಕ್ಕದ ಬೀದಿಯ ಶುಭಾಳ ಗೃಹಪ್ರವೇಶವಿತ್ತು. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕೆಲಸ. ವಾರಕ್ಕೊಮ್ಮೆ ನನ್ನ ಹತ್ತಿರ ಪಿಯಾನೊ ಕಲಿಯಲು ಬರುತ್ತಾಳೆ. ಆರತಿಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿಕೊಂಡೀತು ಎಂದು ಅವಳ ಗಂಡ ಕುರ್ಚಿ ಹತ್ತಿ ಅದಕ್ಕೆ ಶವರ್ ಕ್ಯಾಪ್ ತೊಡಿಸಿದ್ದ. ನಾನು ಚರ್ಚಿಗೆ ಹೋಗುವವಳಾದರೂ ತಟ್ಟೆ ಮುಂದೆ ಬಂದಾಗ ಕೈ ಒಡ್ಡಿದೆ. ಸರಿಯಾಗಿ ಆಗಲೇ ಅಲಾರಂ ಕಿರುಚಿತು. ಎಲ್ಲರೂ ಗೊಳ್ಳೆಂದು ನಕ್ಕರು.

ನನ್ನ ಕೈ ಮಾತ್ರ ಜ್ವಾಲೆಯ ಮೇಲೆ ಹಾಗೆಯೇ ನಿಂತಿತು.

"ಮಿಸ್, ಕೈ ತಗೀರಿ! ಸುಟ್ಕೊಂಡ್ಬಿಡ್ತೀರಾ," ಎಂದು ಶುಭಾ ತಟ್ಟೆಯನ್ನು ಪಕ್ಕಕ್ಕೆ ಎಳೆದಳು. ಕೈ ಸುಟ್ಟಿರಲಿಲ್ಲ. ಅಂಗೈಯನ್ನು ಮುಖದ ಹತ್ತಿರ ತಂದುಕೊಂಡೆ. ಆ ವಾಸನೆ, ಆ ಸದ್ದು, ನಿಂತುಹೋದ ಕೈ ಮೂರೂ ಒಟ್ಟಿಗೆ ಬಂದದ್ದು ಅದಕ್ಕೂ ಹಿಂದೆ ಒಂದೇ ಒಂದು ಬೇಸಿಗೆಯಲ್ಲಿ. ಅದರ ಬಗ್ಗೆ ಬರೆಯಬೇಕೆಂದು ಹಿಂದೆಯೂ ಕೂತಿದ್ದೆ. ಅವಸರದಲ್ಲಿ ಬರೆದರೆ ಆಗದ್ದೂ ಸೇರಿಕೊಳ್ಳುತ್ತದೆ ಎಂದು ಬಿಟ್ಟಿದ್ದೆ. ಈಗ ನಾನು ಕಂಡದ್ದನ್ನು, ಕಂಡ ಕ್ರಮದಲ್ಲಿಯೇ ಹೇಳುತ್ತೇನೆ.

ತೊಂಬತ್ತರ ದಶಕದ ನಡುಭಾಗ. ನಾನೂ ನನ್ನ ಗಂಡ ಸಿರಿಲ್ಲನೂ ಪರ್ತ್‌ಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಊರು ಮಂಗಳೂರು. ಮದುವೆಯಾದ ಮೇಲೆ ಕುವೈತ್. ಅಲ್ಲಿ ಒಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದೆ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನಿಕರು ಬಂದರು. ನಮ್ಮ ಬೀದಿಯ ಕೊನೆಯಲ್ಲಿ ಏನು ಕೇಳಿದೆವು ಎಂಬುದು ಈ ಬರಹಕ್ಕೆ ಬೇಡ. ಅದರಿಂದ ನನ್ನಲ್ಲಿ ಉಳಿದದ್ದು ಇಷ್ಟು: ದೊಡ್ಡ ಸದ್ದಾದರೆ ನನ್ನ ಕೈ ಇದ್ದಲ್ಲೇ ನಿಲ್ಲುತ್ತದೆ. ಕಿರುಚುವುದಿಲ್ಲ, ಓಡುವುದಿಲ್ಲ. ಕೈ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಹಿಂದಿರುಗುತ್ತದೆ. ಹಾಗಾಗಿ ಪರ್ತ್‌ನಲ್ಲಿ ಪಾಠ ಶುರುಮಾಡಲು ಧೈರ್ಯವಿರಲಿಲ್ಲ. ಭಾನುವಾರ ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಿದ್ದೆ, ಅಷ್ಟೇ.

ಆ ವೃಂದವನ್ನು ತಯಾರು ಮಾಡುತ್ತಿದ್ದವಳು ಹೆಲೆನ್. ನಲವತ್ತರ ಸುಮಾರಿನ ಎತ್ತರದ ಹೆಂಗಸು, ಸಂಗೀತ ಕಚೇರಿ ಕೊಡುವ ಗಾಯಕಿ. ಒಂದು ದಿನ ಅವಳು ಹಳೆಯ ಸ್ತೋತ್ರಪುಸ್ತಕವೊಂದನ್ನು ತಂದಳು. ಅದರಲ್ಲಿ ಐದು ಗೆರೆಗಳ ಮೇಲೆ ಚುಕ್ಕಿಗಳಿರಲಿಲ್ಲ. ಸ್ವರಗಳನ್ನೆಲ್ಲ ಬರೀ ಅಕ್ಷರಗಳಲ್ಲಿ ಅಚ್ಚುಹಾಕಿದ್ದರು. ಅದಕ್ಕೆ ಸೋಲ್‌ಫಾ ಎನ್ನುತ್ತಾರೆ: ಡೊ, ರೇ, ಮಿ, ಫಾ, ಸೋ, ಲಾ. ನಮ್ಮ ಸರಿಗಮದ ಹಾಗೆಯೇ, ಶ್ರುತಿ ಎಲ್ಲಿಟ್ಟರೂ ಅಕ್ಷರ ಬದಲಾಗುವುದಿಲ್ಲ. ಯಾರಿಗೂ ಅದನ್ನು ಓದಲು ಬರಲಿಲ್ಲ. ನನಗೆ ಬಂತು. ಚಿಕ್ಕಂದಿನಲ್ಲಿ ನಮ್ಮ ಚರ್ಚಿನ ಮಾಸ್ತರು ಗೋಡೆಗೆ ಅಕ್ಷರಗಳ ಪಟ ತೂಗುಹಾಕಿ, ಬೆತ್ತದ ತುದಿಯಲ್ಲಿ ತೋರಿಸಿ ಹಾಡಿಸುತ್ತಿದ್ದರು. ತಪ್ಪಿದರೆ ಅದೇ ಬೆತ್ತ.

ನಾನು ಓದಿ ಮುಗಿಸುವವರೆಗೆ ಹೆಲೆನ್ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಆಮೇಲೆ, "ಇದನ್ನ ಹೀಗೆ ಓದೋರು ನನಗೆ ಇನ್ನೊಬ್ಬರೇ ಗೊತ್ತು. ಪಿಯಾನೊ ಬಾರಿಸ್ತಾರೆ, ಅವರಿಗೆ ಪುಟ ತಿರುಗಿಸೋರು ಬೇಕಾಗಿದ್ದಾರೆ," ಎಂದಳು.

ಪರ್ತ್, ಅಡಿಲೇಡ್, ಬ್ರಿಸ್ಬೇನ್. ಮೂರು ಊರಲ್ಲಿ ಮೂರು ಕಚೇರಿ, ಹೆಲೆನ್ ಹಾಡುವುದು, ಅವರು ಬಾರಿಸುವುದು. ಬ್ರಿಸ್ಬೇನಿನದನ್ನು ರೇಡಿಯೊದವರು ಧ್ವನಿಮುದ್ರಿಸುತ್ತಾರೆ. ಮನೆಯಲ್ಲಿ ಹೇಳಿದಾಗ ಸಿರಿಲ್ ಮೀನಿನ ಮುಳ್ಳು ತೆಗೆಯುತ್ತಿದ್ದವನು ತಲೆ ಎತ್ತಿದ. ಅವನಿಗೆ ಆಗ ಕ್ಯಾನಿಂಗ್ ವೇಲ್‌ನ ಶೀತಲಗೃಹದಲ್ಲಿ ಕೆಲಸ.

"ಪುಟ ಮಗುಚ್ಲಿಕ್ಕೆ ವಿಮಾನದಲ್ಲಿ ಕರ್ಕೊಂಡು ಹೋಗ್ತಾರಾ ಮಾರಾಯ್ತಿ? ಆ ಮನುಷ್ಯನಿಗೆ ಎರಡು ಕೈ ಉಂಟಲ್ವಾ?"

"ಎರಡೂ ಕೈ ಕೆಲಸದಲ್ಲಿರ್ತದೆ."

"ನನ್ನದೂ ಇರ್ತದೆ. ನಂಗೆ ಪೇಪರ್ ಓದುವಾಗ ಯಾರೂ ಪುಟ ತಿರುಗಿಸುದಿಲ್ಲ." ಆಮೇಲೆ ದನಿ ತಗ್ಗಿಸಿ, "ಹೋಗು. ಪಿಯಾನೊ ಹತ್ತಿರ ಕೂತ ಹಾಗಾದ್ರೂ ಆಗ್ತದೆ," ಎಂದ.

ಹೆಲೆನ್ ಹೇಳಿದ ಎಮ್ರಿಸ್ ಪ್ರೋಬರ್ಟ್ ಆಗ ಎಪ್ಪತ್ತು ದಾಟಿದ್ದರು. ವೇಲ್ಸ್‌ನ ಕಲ್ಲಿದ್ದಲು ಕಣಿವೆಯೊಂದರಲ್ಲಿ ಹುಟ್ಟಿ, ಗಾಯಕರಿಗೆ ಪಿಯಾನೊ ಬಾರಿಸುತ್ತ ಊರೂರು ಸುತ್ತಿ, ಅಂಥದೊಂದು ಪ್ರವಾಸದಲ್ಲಿ ಆಸ್ಟ್ರೇಲಿಯಕ್ಕೆ ಬಂದು ಇಲ್ಲೇ ಉಳಿದವರು. ಹೊಟ್ಟೆಗೆ ಪಿಯಾನೊ, ಜೀವಕ್ಕೆ ಹಾಡು ಕಟ್ಟುವುದು. ದೊಡ್ಡ ವಾದ್ಯವೃಂದಕ್ಕೆ ಅವರು ಏನೂ ಬರೆಯಲಿಲ್ಲ. ಒಂದು ದನಿ, ಒಂದು ಪಿಯಾನೊ. "ಪಕ್ಕದ ಕೋಣೇಲಿ ಪಾತ್ರೆ ತೊಳೆಯೋಳಿಗೆ ಕೇಳಿಸಿದ್ರೆ ಸಾಕು," ಎನ್ನುತ್ತಿದ್ದರು. ಹಾಡುಗಳನ್ನು ಮೊದಲು ಬರೆಯುತ್ತಿದ್ದದ್ದು ಸೋಲ್‌ಫಾದಲ್ಲಿ. ಗಣಿ ಕೆಲಸಗಾರರ ಚಾಪೆಲ್‌ನಲ್ಲಿ ಅವರ ತಂದೆ ಕಲಿಸಿದ್ದು ಅದನ್ನೇ, ಅಂಥದೇ ಗೋಡೆಯ ಪಟದಿಂದ.

ಅವರು ಪರ್ತ್ ಹೊರವಲಯದ ಸ್ವಾನ್ ವ್ಯಾಲಿಯಲ್ಲಿ, ದ್ರಾಕ್ಷಿ ತೋಟದ ಅಂಚಿನ ಹಳೆಯ ಮನೆಯಲ್ಲಿ ಬಾಡಿಗೆಗಿದ್ದರು. ಹೆಲೆನ್ ನನ್ನನ್ನು ಕಾರಿನಲ್ಲಿ ಕರೆದೊಯ್ದಳು. ಜನವರಿ, ಇಲ್ಲಿಯ ಕಡುಬೇಸಿಗೆಯ ಬಿಸಿಲು. ಬಾಗಿಲಲ್ಲಿ ನಿಂತವರು ಕೈ ಚಾಚಿದರು, ಆದರೆ ನಾನಿದ್ದ ಕಡೆಗೆ ಅಲ್ಲ, ಒಂದಿಷ್ಟು ಎಡಕ್ಕೆ. ಬಿಸಿಲಿನ ಝಳಕ್ಕೆ ಕಣ್ಣು ಕತ್ತಲೆಗಟ್ಟಿರಬೇಕು ಎಂದುಕೊಂಡೆ. ಬಿಸಿಲಿನಿಂದ ಒಳಕ್ಕೆ ಬಂದವಳು ನಾನು, ಅವರು ಒಳಗಿದ್ದವರು ಎಂಬುದು ಆಮೇಲೆ ಹೊಳೆಯಿತು. ಆಗ ಅದನ್ನು ಹೆಚ್ಚು ಯೋಚಿಸಲಿಲ್ಲ.

ಪಿಯಾನೊದ ಮುಚ್ಚಳ ತೆರೆದಾಗ ಕರ್ಪೂರದ ವಾಸನೆ ಹೊಮ್ಮಿತು. ಒಳಗಿನ ಉಣ್ಣೆಯ ಸುತ್ತಿಗೆಗಳಿಗೆ ಹುಳ ಹತ್ತಬಾರದೆಂದು ಸಣ್ಣ ಬಟ್ಟೆಗಂಟುಗಳಲ್ಲಿ ಕಟ್ಟಿ ಇಟ್ಟಿದ್ದರು.

"ಕೂತ್ಕೋ, ಫಿಲ್ ವಾಖ್," ಎಂದರು. ನನ್ನ ಹೆಸರು ಫಿಲೋಮಿನಾ. ವಾಖ್ ಎಂದರೆ ಅವರ ಭಾಷೆಯಲ್ಲಿ ಪುಟ್ಟಿ ಎಂದ ಹಾಗೆ. ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಿದ್ದರು, ಹೆಲೆನ್‌ಳನ್ನೊಬ್ಬಳನ್ನು ಬಿಟ್ಟು.

"ನನ್ನನ್ನ ಯಾಕೆ ಕರೆಯಲ್ಲ?" ಎಂದು ಅವಳು ಕೇಳಿದಳು.

"ನೀನು ನನ್ನ ಮೇಸ್ತ್ರಿ."

ಪುಟ ತಿರುಗಿಸುವುದನ್ನು ಅವರು ನನಗೆ ಮೊದಲಿನಿಂದ ಕಲಿಸಿದರು. ಎಡಗಡೆ ಕೂರಬೇಕು. ಎದ್ದು ನಿಂತು, ಎಡಗೈಯಿಂದ ಹಾಳೆಯ ಮೇಲ್ತುದಿಯನ್ನು ಹಿಡಿದು ಸಿದ್ಧವಾಗಿರಬೇಕು. ತೋಳು ಅವರ ಕಣ್ಣಿಗೆ ಅಡ್ಡ ಬರಬಾರದು. ಬೆರಳಿಗೆ ಎಂಜಲು ಹಚ್ಚಬಾರದು. ಅವರು ತಲೆಯಾಡಿಸಿದಾಗ ತಿರುಗಿಸಬೇಕು, ಅದಕ್ಕೆ ಮೊದಲು ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುನುಗಬಾರದು, ಪಿಸುಗುಟ್ಟಬಾರದು, ನಿಟ್ಟುಸಿರೂ ಬಿಡಬಾರದು. ಪುಟ ತಿರುಗಿಸುವವಳು ವೇದಿಕೆಯ ಮೇಲೆ ಇಲ್ಲವೇ ಇಲ್ಲ.

"ಹಾಳೆ ಸದ್ದಾಗದ ಹಾಗೆ ತಿರುಗಿಸ್ಲಾ?" ಎಂದು ಕೇಳಿದೆ.

"ಬೇಡ, ಬೇಡ. ಸ್ವಲ್ಪ ಸದ್ದಿರಲಿ," ಎಂದರು, ಸ್ವಲ್ಪ ಅವಸರದಲ್ಲಿಯೇ.

ಅವತ್ತೇ ಮೊದಲ ಸಲ ಆ ಸದ್ದು ಬಂತು. ಹಣ್ಣಾಗುತ್ತಿದ್ದ ದ್ರಾಕ್ಷಿಗೆ ಬರುವ ಹಕ್ಕಿಗಳನ್ನು ಓಡಿಸಲು ತೋಟದವರು ಗ್ಯಾಸಿನ ಬಂದೂಕು ಇಡುತ್ತಾರೆ. ಅದರಲ್ಲಿ ಗುಂಡಿಲ್ಲ, ಸದ್ದು ಮಾತ್ರ. ಕಿಟಕಿಯ ಗಾಜು ನಡುಗಿತು. ಎತ್ತಿದ್ದ ನನ್ನ ಕೈ ಹಾಳೆಯ ತುದಿಯಲ್ಲಿ ನಿಂತುಬಿಟ್ಟಿತು. ಅವರು ತಲೆಯಾಡಿಸಿದರು. ಕೈ ಬರಲಿಲ್ಲ. ಹೆಲೆನ್ ಹಾಡು ನಿಲ್ಲಿಸಿ ನನ್ನನ್ನೇ ನೋಡಿದಳು. ಪ್ರೋಬರ್ಟ್ ನಿಲ್ಲಿಸಲಿಲ್ಲ. ಅದೇ ನಾಲ್ಕು ಸಾಲು ಸಂಗೀತವನ್ನು ಇನ್ನೊಮ್ಮೆ ಬಾರಿಸಿದರು. ಕೈ ಬಂತು. ಹಾಳೆ ತಿರುಗಿತು. ಮುಂದಕ್ಕೆ ಹೋದರು.

"ಎಲ್ಲಿಂದ ಬಂದೆ ನೀನು?" ಎಂದು ಚಹಾ ಕುಡಿಯುವಾಗ ಕೇಳಿದರು.

"ಕುವೈತ್."

ಅವರು ಸಕ್ಕರೆಯ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು.

ಕಚೇರಿಯ ಕೊನೆಯ ಹಾಡು ಇನ್ನೂ ಕಾಗದಕ್ಕೆ ಬಂದಿರಲಿಲ್ಲ. ಅದನ್ನು ಅವರು ನನಗೆ ಬಾಯಲ್ಲಿ ಹೇಳಿದರು, ಸೋಲ್‌ಫಾದಲ್ಲಿ. ನಾನು ಬರೆದುಕೊಂಡು, ಬೇರೆಯವರಿಗೂ ಆಗಲೆಂದು ಗೆರೆಗಳ ಮೇಲೆ ನಕಲು ಮಾಡಿದೆ. ಬೆರಳು ನೋಯುತ್ತದೆ, ಪೆನ್ನು ಹಿಡಿಯಲಾಗುವುದಿಲ್ಲ ಎಂದರು. ಪಿಯಾನೊದ ಮೇಲೆ ಆ ಬೆರಳುಗಳಿಗೆ ಯಾವ ನೋವೂ ಇದ್ದಂತೆ ಕಾಣಲಿಲ್ಲ.

ಗಣಿಯ ಬಾಯಲ್ಲಿ ನಿಂತು ಗಂಡನಿಗಾಗಿ ಕಾಯುವ ಹೆಂಗಸಿನ ಹಾಡು ಅದು. ಮೇಲೆ ಹಗ್ಗ ಎಳೆಯುವ ದೊಡ್ಡ ಚಕ್ರ ತಿರುಗುತ್ತದೆ, ಕೆಳಗಿನಿಂದ ಜನರನ್ನು ಹೊತ್ತ ಕಬ್ಬಿಣದ ತೊಟ್ಟಿಲು ಬರುತ್ತದೆ, ಗಂಡಸರು ಇಳಿಯುತ್ತಾರೆ. ಅವರಲ್ಲಿ ಅವನಿಲ್ಲ. ಆ ಚಕ್ರ ತಿರುಗುವುದನ್ನು ಪಿಯಾನೊ ಒಂದೇ ನುಡಿಸುತ್ತದೆ, ಗಾಯಕಿ ಸುಮ್ಮನೆ ನಿಂತಿರುತ್ತಾಳೆ. ಎರಡು ಸುತ್ತು. ಎರಡನೆಯ ಸುತ್ತಿನ ಕೊನೆಯಲ್ಲಿ ಸಂಗೀತ ಲಾ, ಸೋ, ಫಾ, ಮಿ ಎಂದು ಇಳಿದು ಹೊರಗೆ ಬರುತ್ತದೆ, ಅಲ್ಲಿ ಗಾಯಕಿ ಮತ್ತೆ ಎತ್ತಿಕೊಳ್ಳಬೇಕು. ಸರಿಯಾಗಿ ಆ ಜಾಗದಲ್ಲೇ ಪುಟ ತಿರುಗಬೇಕು.

ಅಭ್ಯಾಸದಲ್ಲಿ ಬಂದೂಕು ಎಷ್ಟೋ ಸಲ ಆ ಸುತ್ತಿನ ನಡುವೆಯೇ ಹೊಡೆಯುತ್ತಿತ್ತು. ನನ್ನ ಕೈ ನಿಲ್ಲುತ್ತಿತ್ತು. ಅವರು ಇನ್ನೊಂದು ಸುತ್ತು ಹೋಗುತ್ತಿದ್ದರು. ನಾನು ಕ್ಷಮೆ ಕೇಳಿದರೆ, "ಅವಸರ ಇಲ್ಲ, ಫಿಲ್ ವಾಖ್. ಹಾಳೆ ತಿರುಗಿದ್ದು ಕೇಳಿದ್ರೆ ಹೊರಗೆ ಬರ್ತೀನಿ. ಕೇಳದಿದ್ರೆ ಇನ್ನೊಂದು ಸುತ್ತು. ಚಕ್ರಕ್ಕೇನು," ಎನ್ನುತ್ತಿದ್ದರು.

ಕೇಳಿದ್ರೆ ಎಂದರು. ನೋಡಿದ್ರೆ ಎನ್ನಲಿಲ್ಲ.

ಒಂದು ಮಧ್ಯಾಹ್ನ ವಾಪಸು ಬರುವಾಗ ಹೆಲೆನ್ ಪೆಟ್ರೋಲಿಗೆಂದು ಕಾರು ನಿಲ್ಲಿಸಿದಳು. ಇಂಜಿನ್ ಆರಿಸಿದರೂ ಇಳಿಯಲಿಲ್ಲ.

"ಅವರು ಕಾರು ಓಡಿಸೋದು ಬಿಟ್ಟಿದ್ದಾರೆ. ರಿಪೇರಿಗೆ ಕೊಟ್ಟಿದ್ದೀನಿ ಅಂತಾರೆ. ಯಾವ ರಿಪೇರಿ ಇಷ್ಟು ದಿನ?" ಎಂದಳು. "ಫಿಲ್, ಬ್ರಿಸ್ಬೇನಿನ ಟೇಪು ಉಳಿಯೋ ವಸ್ತು. ಅವರ ಹಾಡು ಅವರ ಕೈಯಲ್ಲೇ ಉಳೀಬೇಕು ಅಂತ ನನಗೂ ಆಸೆ. ಆದರೆ ಮುದುಕ ತಡವರಿಸಿದ್ದು ಅದರಲ್ಲಿ ಉಳಿದ್ರೆ, ಮುಂದೆ ಕೇಳೋರಿಗೆ ಹಾಡು ಕೇಳಿಸಲ್ಲ, ತಡವರಿಸಿದ್ದೇ ಕೇಳಿಸತ್ತೆ. ಅಲ್ಲಿ ಒಬ್ಬ ಹುಡುಗ ಇದ್ದಾನೆ, ಚೆನ್ನಾಗಿ ಬಾರಿಸ್ತಾನೆ. ನೀನು ಅವರ ಪಕ್ಕದಲ್ಲೇ ಇರ್ತೀಯ. ಏನಾದ್ರೂ ಕಂಡ್ರೆ ನನಗೆ ಹೇಳು."

ನಾನು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ವರದಿ ಒಪ್ಪಿಸುವುದು ಎಂದರೆ ಏನೆಂದು ನಾನು ಕುವೈತಿನಲ್ಲಿ ನೋಡಿದ್ದೆ. ಆದರೆ ಹೆಲೆನ್ ಕೆಟ್ಟವಳಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಪರ್ತ್‌ನ ಕಚೇರಿ ನೆಟ್ಟಗೆ ಹೋಯಿತು. ಸಂಜೆ ಸಮುದ್ರದ ಗಾಳಿ ಬೀಸಿ ಊರೆಲ್ಲ ಉಸಿರಾಡಿಕೊಂಡ ಹೊತ್ತು. ಸಭಾಂಗಣ ತಂಪಾಗಿತ್ತು. ಒಂದೇ ಒಂದು ವಿಷಯ ನಾನು ಗಮನಿಸಿದೆ. ಅವರು ತಲೆಯಾಡಿಸುವಾಗ ಕಣ್ಣು ಹಾಳೆಯ ಕೊನೆಯ ಸಾಲಿನ ಮೇಲಿರುತ್ತಿರಲಿಲ್ಲ. ಹಾಳೆಯನ್ನೂ ದಾಟಿ, ಪಿಯಾನೊದ ತೆರೆದ ಮುಚ್ಚಳದಾಚೆ ಎಲ್ಲೋ ಇರುತ್ತಿತ್ತು. ಸಿರಿಲ್ ಮೂರನೆಯ ಸಾಲಿನಲ್ಲಿ ಕೂತಿದ್ದ. ಮನೆಗೆ ಹೋಗುವಾಗ, "ಒಂದು ಸಲವೂ ನಿನ್ನತ್ತ ನೋಡ್ಲಿಲ್ಲ ಅವರು. ಒಂದು ಥ್ಯಾಂಕ್ಸ್ ಬೇಡ್ವಾ?" ಎಂದ.

ಅಡಿಲೇಡ್‌ನಲ್ಲಿ ಉತ್ತರದ ಮರುಭೂಮಿಯಿಂದ ಗಾಳಿ ಬೀಸುತ್ತಿತ್ತು. ಹಳೆಯ ಕಲ್ಲಿನ ಚರ್ಚಿನ ಸಭಾಂಗಣ, ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದ ಹಾಗೆ. ಹುಲ್ಲು ಸುಟ್ಟ ವಾಸನೆ. ತುಟಿ ಒಡೆಯುವ ಒಣ ಹವೆಯಲ್ಲಿ ಬೆರಳಿಗೆ ಹಾಳೆ ಸಿಗುವುದಿಲ್ಲ, ಜಾರುತ್ತದೆ. ಎರಡನೆಯ ಭಾಗದ ಒಂದು ವೇಗದ ಹಾಡಿನಲ್ಲಿ ಅವರು ತಲೆಯಾಡಿಸಿದರು, ನಾನು ತಿರುಗಿಸಿದೆ. ಕೂರುವ ಹೊತ್ತಿಗೆ ಕಂಡಿತು: ಎರಡು ಹಾಳೆ ಒಟ್ಟಿಗೆ ಹೋಗಿವೆ. ಎದುರಿಗಿದ್ದದ್ದು ಬೇರೆಯೇ ಹಾಡಿನ ಸಂಗೀತ.

ಎದ್ದೆ. ಹಿಂದಕ್ಕೆ ತಿರುಗಿಸಲು ಕೈ ಚಾಚಿದೆ. ಆಮೇಲೆ ಕೈಯನ್ನು ನಾನೇ ನಿಲ್ಲಿಸಿದೆ. ಅವರು ಬಾರಿಸುತ್ತಲೇ ಇದ್ದರು. ಒಂದು ಸ್ವರ ತಪ್ಪಿಲ್ಲ, ಹುಬ್ಬು ಗಂಟಿಕ್ಕಿಲ್ಲ, ಕತ್ತು ಅಲ್ಲಾಡಿಲ್ಲ. ಎದುರಿಗೆ ಇಲ್ಲದ ಸಂಗೀತವನ್ನು, ಎದುರಿಗಿದ್ದದ್ದರ ಕಡೆಗೆ ಮುಖ ಮಾಡಿ ಬಾರಿಸುತ್ತಿದ್ದರು. ನಾನು ಹಾಳೆಯನ್ನು ನೋಡಿದೆ, ಅವರ ಕಣ್ಣನ್ನು ನೋಡಿದೆ. ಸದ್ದಾಗದಂತೆ ಕೂತೆ.

ಕಚೇರಿ ಮುಗಿದು ಪಕ್ಕದ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಅವರೇ ಮಾತು ತೆಗೆದರು.

"ಎರಡು ಹಾಳೆ ಹೋಯ್ತಲ್ವಾ?"

"ಹೌದು."

"ಸದ್ದು ದಪ್ಪಗಿತ್ತು." ಕುರ್ಚಿಯ ಬೆನ್ನನ್ನು ಕೈಯಿಂದ ಹುಡುಕಿ ಕೂತರು. "ಕಣ್ಣಿನ ಮಧ್ಯ ಹೋಗಿದೆ, ಫಿಲ್ ವಾಖ್. ಅಂಚಲ್ಲಿ ಸ್ವಲ್ಪ ಬೆಳಕು ಉಂಟು. ಯಾವುದನ್ನ ನೋಡ್ತೀನೋ ಅದೇ ಕಾಣಲ್ಲ. ನಿನ್ನ ಮುಖ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಹಾಡೆಲ್ಲ ತಲೆಯಲ್ಲಿದೆ. ಎಲ್ಲಿದ್ದೀನಿ ಅಂತ ಹೇಳೋಕೆ ನಿನ್ನ ಹಾಳೆ ಸದ್ದು ಬೇಕು, ಅಷ್ಟೇ."

"ಹೆಲೆನ್‌ಗೆ ಹೇಳಿ."

"ಹೇಳಿದ್ರೆ ಬ್ರಿಸ್ಬೇನಿನ ಆ ಹುಡುಗನ್ನ ಕೂರಿಸ್ತಾಳೆ. ಅವನು ಚೆನ್ನಾಗೇ ಬಾರಿಸ್ತಾನೆ. ಕಾಗದದಲ್ಲಿರೋದನ್ನ." ಬೆರಳುಗಳನ್ನು ಮೊಣಕಾಲಿನ ಮೇಲೆ ಹರವಿದರು. "ನಮ್ಮಮ್ಮ ಆ ಚಕ್ರದ ಕೆಳಗೆ ನಿಂತಿದ್ಲು. ನಾನು ಅವಳ ಕೈ ಹಿಡ್ಕೊಂಡಿದ್ದೆ. ಅವಳು ಎಷ್ಟು ಹೊತ್ತು ಕಾದ್ಲು ಅನ್ನೋದು ಕಾಗದಕ್ಕೆ ಬರಲ್ಲ. ಬ್ರಿಸ್ಬೇನ್ ಒಂದು ಮುಗೀಲಿ."

ಮರುದಿನ ಬೆಳಿಗ್ಗೆ ಹೋಟೆಲಿನ ತಿಂಡಿಯ ಮೇಜಿನಲ್ಲಿ ಹೆಲೆನ್ ನನ್ನ ಎದುರಿಗೆ ಬಂದು ಕೂತಳು.

"ನಿನ್ನೆ ಒಟ್ಟಿಗೆ ಎರಡು ಹಾಳೆ ತಿರುಗಿಸಿದೆಯಾ?"

ಅವಳು ಕೇಳಿದ್ದು ನನ್ನ ಕೈಯ ಬಗ್ಗೆ. ನನ್ನ ಕೈಯ ಬಗ್ಗೆ ಸುಳ್ಳು ಹೇಳಲು ನನಗೆ ಕಾರಣವಿರಲಿಲ್ಲ.

"ಹೌದು."

"ಮತ್ತೆ ಸರಿ ಮಾಡಿದ್ದು ನಾನು ನೋಡಲಿಲ್ಲ."

"ಮಾಡಲಿಲ್ಲ."

ಅವಳು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದವಳು ಚಾಕುವನ್ನು ಕೆಳಗಿಟ್ಟಳು. ಅವಳಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. "ಎಷ್ಟು ದಿನದಿಂದ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅದು ನಿಜ.

ಬ್ರಿಸ್ಬೇನ್‌ಗೆ ಹೋಗುವವರೆಗೂ ಅವಳು ಅವರೊಂದಿಗೆ ಈ ವಿಷಯ ಎತ್ತಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ವಿಮಾನದಲ್ಲಿ ಇಬ್ಬರ ನಡುವೆ ನಾನು ಕೂತಿದ್ದೆ. ಹೆಲೆನ್‌ಗೆ ಗೊತ್ತಿಲ್ಲ ಎಂದುಕೊಂಡವರು ಒಂದು ಕಡೆ, ಗೊತ್ತಾಗಿದೆ ಎಂದು ಹೇಳದವಳು ಇನ್ನೊಂದು ಕಡೆ. ಅವರು ಕಡಲೆಕಾಯಿಯ ಪೊಟ್ಟಣ ಒಡೆಯಲಾಗದೆ ನನಗೆ ಕೊಟ್ಟರು. ನಾನು ಒಡೆದು ಅಂಗೈಗೆ ಸುರಿದೆ. ಹೆಲೆನ್ ಅದನ್ನೂ ನೋಡಿದಳು.

ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ನದಿಯ ಹತ್ತಿರ, ವಿಶ್ವವಿದ್ಯಾಲಯದ ಪಕ್ಕ ಒಂದು ಹಳೆಯ ಮರದ ಸಭಾಂಗಣ, ಮೇಲೆ ತಗಡಿನ ಸೂರು. ಬೆವರು ಆರದ ಸೆಕೆ. ದೋಣಿಗೆ ಕಾಯುತ್ತಿದ್ದ ವಿದ್ಯಾರ್ಥಿಗಳೆಲ್ಲ ಬರಿಗಾಲಲ್ಲಿ ನಿಂತಿದ್ದರು. ಮಂಗಳೂರಿನ ಮೇ ತಿಂಗಳು ಇದ್ದ ಹಾಗಿತ್ತು. ಶನಿವಾರದ ಅಭ್ಯಾಸದಲ್ಲಿ ಹೆಲೆನ್ ಇದ್ದಕ್ಕಿದ್ದಂತೆ, "ನನ್ನ ಗಂಟಲು ಸರಿ ಇಲ್ಲ. ಕೊನೆ ಹಾಡನ್ನ ಒಂದು ಸ್ವರ ಕೆಳಗೆ ಬಾರಿಸ್ತೀರಾ?" ಎಂದಳು. ಅವಳ ಗಂಟಲಿಗೆ ಏನೂ ಆಗಿರಲಿಲ್ಲ. ಶ್ರುತಿ ಬದಲಾದರೆ ಕೈಗೆ ಕಲಿತ ಪಾಠವೆಲ್ಲ ಪಿಯಾನೊದ ಬೇರೆ ಮನೆಗಳಿಗೆ ಸರಿಯುತ್ತದೆ. ಬೆರಳುಗಳ ರೂಢಿಯಿಂದ ಮಾತ್ರ ಬಾರಿಸುವವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಅವರು ಒಂದು ಕ್ಷಣ ತಲೆ ವಾಲಿಸಿದರು. ಬಾರಿಸಿದರು. ಅಕ್ಷರ ಬದಲಾಗುವುದಿಲ್ಲವಲ್ಲ. ಲಾ ಅಲ್ಲಿಯೂ ಲಾ, ಸೋ ಅಲ್ಲಿಯೂ ಸೋ.

"ಸಾಕಾ, ಇನ್ನೊಂದು ಸ್ವರ ಇಳಿಸ್ಲಾ, ಮೇಸ್ತ್ರಿ?" ಎಂದರು.

"ಸಾಕು. ಮೊದಲಿನದೇ ಇರಲಿ," ಎಂದಳು ಹೆಲೆನ್. ಹೊರಗೆ ಬಂದು ನನ್ನೊಬ್ಬಳಿಗೇ ಹೇಳಿದಳು. "ಆಯ್ತು. ಅವರೇ ಬಾರಿಸ್ತಾರೆ. ಆದರೆ ಆ ಹುಡುಗ ಮೊದಲ ಸಾಲಲ್ಲಿ ಕೂತಿರ್ತಾನೆ, ನಿನ್ನ ನಕಲು ಅವನ ಹತ್ತಿರ ಇರತ್ತೆ. ಎಲ್ಲಾದ್ರೂ ತಪ್ಪಿದ್ರೆ, ಜನ ಹೋದ ಮೇಲೆ ಅವನನ್ನ ಕೂರಿಸಿ ಆ ಹಾಡನ್ನ ಮತ್ತೆ ಟೇಪ್ ಮಾಡ್ತೀವಿ. ರೇಡಿಯೊದವರು ಒಪ್ಪಿದ್ದಾರೆ. ಇದು ಅವರಿಗೆ ಗೊತ್ತಾಗೋದು ಬೇಡ."

ಭಾನುವಾರ ಮಧ್ಯಾಹ್ನ. ಕಿಟಕಿಯಾಚೆ ಆಕಾಶ ಹಸಿರು ಕಪ್ಪಗೆ ತಿರುಗಿತ್ತು. ಮೊದಲ ಸಾಲಿನಲ್ಲಿ ಕಂದು ಜಾಕೆಟ್ಟಿನ ಯುವಕ, ತೊಡೆಯ ಮೇಲೆ ನನ್ನ ಕೈಬರಹ. ಪಿಯಾನೊದ ಹತ್ತಿರ ಎರಡು ಮೈಕು. ಒಂದರ ತಂತಿ ನನ್ನ ಕಾಲಿನ ಪಕ್ಕದಲ್ಲೇ ಹಾದುಹೋಗಿತ್ತು. ಹಾಡುಗಳು ಒಂದೊಂದಾಗಿ ಮುಗಿದವು. ಪ್ರತಿ ಹಾಳೆಯನ್ನೂ ಒಂದೇ ಎಂದು ಬೆರಳಲ್ಲಿ ಉಜ್ಜಿ ನೋಡಿಯೇ ಹಿಡಿದೆ.

ಕೊನೆಯ ಹಾಡು. ಹೆಲೆನ್ ಮೊದಲ ಭಾಗ ಹಾಡಿ ನಿಲ್ಲಿಸಿದಳು. ಚಕ್ರ ತಿರುಗತೊಡಗಿತು. ಒಂದನೆಯ ಸುತ್ತು. ಎರಡನೆಯ ಸುತ್ತು ಅರ್ಧವಾಗುವಾಗ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ನಾನು ಎದ್ದು ಹಾಳೆಯ ತುದಿ ಹಿಡಿದೆ. ಅವರು ತಲೆಯಾಡಿಸಿದರು. ಅದೇ ಕ್ಷಣ ಸೂರಿನ ಮೇಲೆಯೇ ಎಂಬಂತೆ ಸಿಡಿಲು ಹೊಡೆಯಿತು.

ಇದನ್ನು ನಿಧಾನವಾಗಿ ಹೇಳಬೇಕು. ನನ್ನ ಕೈ ನಿಲ್ಲಲಿಲ್ಲ. ಅಂದು ಅದು ಯಾಕೆ ನಿಲ್ಲಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಳೆ ತಿರುಗಿತು, ಒಂದೇ ಹಾಳೆ, ಸರಿಯಾದ ಹೊತ್ತಿಗೆ. ಆದರೆ ಆ ಸಿಡಿಲಿನಲ್ಲಿ, ಅದರ ಬೆನ್ನಿಗೇ ತಗಡಿನ ಮೇಲೆ ಸುರಿದ ಮಳೆಯಲ್ಲಿ, ಹಾಳೆಯ ಸದ್ದು ನನಗೇ ಕೇಳಿಸಲಿಲ್ಲ.

ಪ್ರೋಬರ್ಟ್ ಹೊರಗೆ ಬರಲಿಲ್ಲ. ಮೂರನೆಯ ಸುತ್ತಿಗೆ ಹೋದರು.

ಉಸಿರೆಳೆದುಕೊಂಡಿದ್ದ ಹೆಲೆನ್ ಹಾಡಲಾರದೆ ಹಾಗೆಯೇ ಹಿಡಿದು ನಿಂತಳು. ಮೊದಲ ಸಾಲಿನಲ್ಲಿ ಯುವಕ ಕಾಗದದಿಂದ ತಲೆ ಎತ್ತಿದ. ಜನರಿಗೆ ಏನೂ ತಿಳಿದಿರಲಿಲ್ಲ. ಮಳೆ ಸ್ವಲ್ಪವೂ ತಗ್ಗಲಿಲ್ಲ. ಸುತ್ತಿನ ಕೊನೆ ಹತ್ತಿರವಾಯಿತು. ಅವರು ಮತ್ತೆ ತಲೆಯಾಡಿಸಿದರು, ಮೊದಲಿಗಿಂತ ಮೆಲ್ಲಗೆ. ತಿರುಗಿಸಲು ನನ್ನ ಹತ್ತಿರ ಹಾಳೆ ಇರಲಿಲ್ಲ. ಅದು ಆಗಲೇ ತಿರುಗಿಯಾಗಿತ್ತು. ಅವರು ಕಿವಿಯನ್ನು ನನ್ನ ಕಡೆಗೆ ಒಂದಿಷ್ಟು ವಾಲಿಸಿದ್ದು ಕಂಡಿತು. ದಾರಿ ತಪ್ಪಿತು, ಇನ್ನು ಇವರು ಈ ಸುತ್ತಿನಿಂದ ಹೊರಗೆ ಬರಲಾರರು ಎಂದು ನಾನು ನಂಬಿದೆ.

ಬಗ್ಗಿ, ಕಿವಿಯ ಹತ್ತಿರ ಹೇಳಿದೆ. "ಲಾ, ಸೋ, ಫಾ, ಮಿ."

ಅವರ ಕೈ ಇಳಿಯಿತು. ಲಾ, ಸೋ, ಫಾ, ಮಿ. ಹೆಲೆನ್ ಎತ್ತಿಕೊಂಡಳು. ಅಷ್ಟು ಹೊತ್ತು ಹಿಡಿದ ಉಸಿರಿನಿಂದ ಬಂದ ಆ ದನಿಯನ್ನು ನಾನು ಅವಳಿಂದ ಅದಕ್ಕೆ ಮೊದಲು ಕೇಳಿರಲಿಲ್ಲ.

ಚಪ್ಪಾಳೆ ಮುಗಿದು ವೇದಿಕೆಯ ಹಿಂದೆ ಬಂದಾಗ ಸೂರಿನಿಂದ ಸೋರುವ ನೀರಿಗೆ ಯಾರೋ ಬಕೆಟ್ ಇಟ್ಟಿದ್ದರು. ಪ್ರೋಬರ್ಟ್ ಬಕೆಟ್ಟಿನ ಪಕ್ಕದ ಬೆಂಚಿನ ಮೇಲೆ ಕೂತು ಕೈಗವಸಿನ ಹಾಗೆ ಕರವಸ್ತ್ರವನ್ನು ಬೆರಳುಗಳಿಗೆ ಸುತ್ತಿಕೊಂಡಿದ್ದರು. ನನ್ನ ಹೆಜ್ಜೆ ಗುರುತು ಹಿಡಿದು ಕೇಳಿದರು.

"ಈಗ ಪರವಾಗಿಲ್ವಾ ನಿನಗೆ?"

"ನನಗಾ?"

"ಸಿಡಿಲು ಬಂತಲ್ಲ. ಹಾಳೆ ಕೇಳಿಸಲಿಲ್ಲ. ಕೈ ನಿಂತುಬಿಡ್ತು ಅಂದುಕೊಂಡೆ. ಇನ್ನೊಂದು ಸುತ್ತು ಹೋದ್ರೆ ಬರತ್ತೆ ಅಂತ ಹೋದೆ. ಬರಲಿಲ್ಲ. ಇನ್ನೂ ಒಂದು ಹೋಗೋಣ ಅಂತಿದ್ದೆ, ಅಷ್ಟರಲ್ಲಿ ನೀನು ಮಾತಾಡಿದೆ. ಮಾತು ಬಂತು ಅಂದ್ರೆ ಪರವಾಗಿಲ್ಲ ಅಂದುಕೊಂಡೆ."

ಅವರ ಕೈ ಒತ್ತಿ ಹೊರಗೆ ಬಂದೆ.

ಕಾರಿಡಾರಿನಲ್ಲಿ ಹೆಲೆನ್ ರೇಡಿಯೊದವರೊಂದಿಗೆ ನಿಂತಿದ್ದಳು. ಕಂದು ಜಾಕೆಟ್ಟಿನ ಯುವಕ ಕೈಬೆರಳು ಸಡಿಲಿಸಿಕೊಳ್ಳುತ್ತಿದ್ದ. ಜನ ಮಳೆ ನಿಲ್ಲಲೆಂದು ಬಾಗಿಲಲ್ಲಿ ಗುಂಪುಗೂಡಿದ್ದರು. ಅವರು ಹೋಗುವುದನ್ನೇ ಇವರು ಕಾಯುತ್ತಿದ್ದರು.

"ಕಳೆದುಹೋದರು, ಫಿಲ್. ನೀನು ಇಲ್ಲದಿದ್ರೆ ಇನ್ನೂ ಸುತ್ತುತಾ ಇರ್ತಿದ್ರು. ನಿನ್ನ ಪಿಸುಮಾತು ಟೇಪಿನಲ್ಲಿ ಬಂದಿದೆ ಅಂತಾರೆ. ಆ ಹಾಡನ್ನ ಮತ್ತೆ ಮಾಡ್ಲೇಬೇಕು," ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಏನಾದ್ರೂ ಕಂಡ್ರೆ ಹೇಳು ಎಂದು ಅವಳು ಕೇಳಿಕೊಂಡಿದ್ದಳು. ಅಷ್ಟು ದಿನವೂ ನಾನಾಗಿ ಹೇಳಿರಲಿಲ್ಲ. ಈಗ ಹೇಳಿದೆ. ಕಂಡದ್ದನ್ನು ಕಂಡ ಹಾಗೆ. ಕಣ್ಣಿಲ್ಲ ಎಂಬುದನ್ನು, ಹಾಳೆಯ ಸದ್ದೇ ಅವರ ಗುರುತು ಎಂಬುದನ್ನು, ದ್ರಾಕ್ಷಿ ತೋಟದ ಬಂದೂಕನ್ನು, ನಿಲ್ಲುವ ನನ್ನ ಕೈಯನ್ನು. "ಅವರು ಕಳೆದುಹೋಗಲಿಲ್ಲ. ಹೊರಗಿನ ದಾರಿ ಅವರಿಗೆ ಗೊತ್ತಿತ್ತು. ನನಗೋಸ್ಕರ ಕಾಯ್ತಿದ್ದರು," ಎಂದೆ.

ಹೆಲೆನ್ ತುಂಬ ಹೊತ್ತು ನನ್ನ ಎಡಗೈಯನ್ನೇ ನೋಡಿದಳು. ಮಳೆ ಇಳಿಮುಖವಾಗಿತ್ತು. ಆಮೇಲೆ ಯುವಕನ ಕಡೆ ತಿರುಗಿ, "ನೀನು ಹೋಗು. ಥ್ಯಾಂಕ್ಸ್. ಬೇಕಾಗಿಲ್ಲ," ಎಂದಳು. ರೇಡಿಯೊದವರು ಪಿಸುಮಾತಿನ ಬಗ್ಗೆ ಏನೋ ಹೇಳಹೋದರು. "ಇರಲಿ," ಎಂದಳು.

ಒಳಗೆ ಹೋಗಿ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ನಾನು ಬಾಗಿಲಲ್ಲೇ ನಿಂತೆ.

"ಮೂರು ಸುತ್ತು ಹೋದಿರಿ."

"ಹೋದೆ. ನಿನಗೆ ಉಸಿರು ಸಾಕಾಯ್ತಾ?"

"ಆಯ್ತು. ಎರಡಕ್ಕಿಂತ ಮೂರೇ ಸರಿ ಅನ್ನಿಸ್ತು."

ಅವರು ಯೋಚಿಸಿದರು. ಬೆರಳಲ್ಲಿ ಬೆಂಚಿನ ಮೇಲೆ ಮೆಲ್ಲಗೆ ಒಂದು ಸುತ್ತು ಬಾರಿಸಿ ನೋಡಿದರು. "ಅಮ್ಮನೂ ಹೋಗಲಿಲ್ಲ ಅಲ್ಲಿಂದ, ಜನ ಎಲ್ಲ ಹೋದರೂ," ಎಂದರು. "ಫಿಲ್ ವಾಖ್, ಅಲ್ಲೇ ಇದ್ದೀಯಾ? ಮೂರು ಅಂತ ಬರೆದುಬಿಡು."

ಪರ್ತ್‌ಗೆ ಹಿಂದಿರುಗಿದ ಮೇಲೆ ಬರೆದೆ. ತೋಟದಲ್ಲಿ ದ್ರಾಕ್ಷಿ ಕೊಯ್ಲು ಮುಗಿದು ಬಂದೂಕು ಸುಮ್ಮನಾಗಿತ್ತು. ಅವರು ಮತ್ತೆ ವೇದಿಕೆ ಹತ್ತಲಿಲ್ಲ. ಹಾಡುಗಳು ಪುಸ್ತಕವಾಗುವುದನ್ನು ಕೇಳುವವರೆಗೆ ಇದ್ದರು. ಹೆಲೆನ್ ಪುಟ ತಿರುಗಿಸಿ ಅವರ ಕಿವಿಗೆ ಕೇಳಿಸಿದಳಂತೆ. ಅದೇ ವರ್ಷ ನಾನು ಪಾಠ ಶುರುಮಾಡಿದೆ.

ಗೃಹಪ್ರವೇಶ ಕಳೆದು ಮುಂದಿನ ಪಾಠಕ್ಕೆ ಶುಭಾ ಬಂದಾಗ ನಾನು ಆ ಪುಸ್ತಕವನ್ನೇ ತೆಗೆದು ಅವಳ ಮುಂದಿಟ್ಟೆ. ನಿಧಾನವಾದ ಹಾಡು, ಅವಳಿಗೆ ಆಗುವಂಥದ್ದು. ನಾನು ಎಡಗಡೆ ಕೂತೆ. ಅವಳು ಸುತ್ತಿನ ಜಾಗಕ್ಕೆ ಬಂದಳು, ಒಮ್ಮೆ ಬಾರಿಸಿದಳು, ಎರಡನೆಯ ಸಲ ಬಾರಿಸಿದಳು, ನಿಲ್ಲಿಸಿದಳು.

"ಮಿಸ್, ಇಲ್ಲಿ ಮತ್ತೆ ಅದೇ ಇದೆ. ಪ್ರಿಂಟ್ ಮಿಸ್ಟೇಕಾ? ಲೂಪಲ್ಲಿ ಸಿಕ್ಹಾಕೊಂಡ ಹಾಗಿದೆ."

"ಇಲ್ಲ, ಸರಿಯಾಗೇ ಉಂಟು. ಬಾರಿಸು."

"ಮೂರು ಸಲಾನೂ ಸೇಮಾ? ಸ್ಲೋ ಮಾಡ್ಬೇಕಾ, ಜೋರು ಮಾಡ್ಬೇಕಾ, ಏನೂ ಬರೆದಿಲ್ಲ."

"ಏನೂ ಮಾಡುದು ಬೇಡ. ಮೂರನೇ ಸಲ ಪಕ್ಕಕ್ಕೆ ಸ್ವಲ್ಪ ಕಿವಿ ಕೊಡು, ಅಷ್ಟೇ."

ಅವಳಿಗೆ ಅರ್ಥವಾಗಲಿಲ್ಲ. ನಕ್ಕು ಮತ್ತೆ ಶುರುಮಾಡಿದಳು. ಒಂದು. ಎರಡು. ಮೂರನೆಯ ಸುತ್ತು ತಿರುಗುತ್ತಿದ್ದ ಹಾಗೆ ನಾನು ಎದ್ದು ನಿಂತು, ಎಡಗೈಯಿಂದ ಹಾಳೆಯ ಮೇಲ್ತುದಿಯನ್ನು ಹಿಡಿದು, ಒಂದೇ ಎಂದು ಬೆರಳಲ್ಲಿ ಉಜ್ಜಿ ನೋಡಿ, ಅವಳಿಗೆ ಚೆನ್ನಾಗಿ ಕೇಳಿಸುವ ಹಾಗೆ ತಿರುಗಿಸಿದೆ.